ಸೈಬೀರಿಯಾ ಅಂಗಡಿಯವನ ಗಾಳಿಗೋಪುರ

ಸಿಹಿತಿಂಡಿ ಅಂಗಡಿ ಇಟ್ಟವನ ಹೆಂಡತಿ ಸಕ್ಕರೆ ಕಾಯಿಲೆಯ ಡಾಕ್ಟರಾಗಿ, ಅದೇ ಬೀದಿಯಲ್ಲಿ ಬೋರ್ಡು ಹಾಕಿಕೊಂಡು, ಸಿಹಿ ತಿನ್ನಬೇಡಿರೆಂದು ಊರಿಗೆಲ್ಲ ಉಪದೇಶ ಮಾಡಿದರೆ ಆ ಬಡಪಾಯಿ ಗಂಡ ಯಾವ ಮುಖ ಹೊತ್ತು ಗಲ್ಲಾಪೆಟ್ಟಿಗೆಯ ಮುಂದೆ ಕೂರಬೇಕು? ನನ್ನ ಸ್ಥಿತಿ ಅದಕ್ಕಿಂತ ಒಂದು ತೂಕ ಹೆಚ್ಚು. ಸಿಹಿ ಬಿಟ್ಟವನು ಕದ್ದಾದರೂ ಒಂದು ತುಂಡು ಬಸ್ಬೂಸಾ ಬಾಯಿಗೆ ಹಾಕಿಕೊಂಡಾನು. ನನ್ನ ಹೆಂಡತಿ ಕಟ್ಟಿದ ಮನೆಯೊಳಗೆ ಕಾಲಿಟ್ಟವನು ಮಾತ್ರ ಮತ್ತೆ ನನ್ನ ಅಂಗಡಿಯ ಕಡೆ ತಲೆ ಹಾಕಿಯೂ ಮಲಗುವುದಿಲ್ಲ.

ನಾನು ವಗ್ದಿ. ನೈಲ್ ದಂಡೆಯ ಈ ಕೆನಾ ಊರಿನಲ್ಲಿ ಏಸಿ ಮಾರುತ್ತೇನೆ. ಅಂಗಡಿಯ ಹೆಸರು 'ಸೈಬೀರಿಯಾ'. ಬೋರ್ಡಿನ ಮೇಲೆ ಒಂದು ಹಿಮಕರಡಿ ಇದೆ (ಬರೆದವನು ಹಿಮಕರಡಿಯನ್ನು ಕಂಡವನಲ್ಲ, ಆದ್ದರಿಂದ ಅದು ಬಕ್ರೀದಿಗೆ ಕೊಬ್ಬಿಸಿದ ಕುರಿಯಂತೆ ಕಾಣುತ್ತದೆ, ಇರಲಿ). ಏಪ್ರಿಲ್ ಕಳೆಯಿತೆಂದರೆ ಇಲ್ಲಿ ಸೂರ್ಯ ನಮ್ಮ ನೆತ್ತಿಯ ಮೇಲೆ ಬಾಣಲೆ ಇಟ್ಟುಕೊಂಡು ಕೂರುತ್ತಾನೆ. ಅಂಥ ಊರಿನಲ್ಲಿ ತಂಪು ಮಾರುವವನನ್ನು ಜನ ಪುಣ್ಯಾತ್ಮನೆನ್ನಬೇಕು. ಎನ್ನುತ್ತಲೂ ಇದ್ದರು, ನನ್ನ ಹೆಂಡತಿ ಬಾಯಿ ತೆರೆಯುವವರೆಗೆ.

ನನ್ನ ಹೆಂಡತಿ ಇಬ್ತಿಹಾಲ್ ವಾಸ್ತುಶಿಲ್ಪಿ. ಊರಿನವರ ಬಾಯಲ್ಲಿ ಇಂಜಿನಿಯರಮ್ಮ. ಬಹಳ ಕಾಲ ಅವಳು ದೂರದ ಹಳ್ಳಿಗಳಲ್ಲಿ ಶಾಲೆ, ಆಸ್ಪತ್ರೆ ಕಟ್ಟಿಸುತ್ತಿದ್ದಳು. ಆ ಹಳ್ಳಿಗಳಲ್ಲಿ ನನ್ನ ಗಿರಾಕಿಗಳು ಯಾರೂ ಇರಲಿಲ್ಲವಾದ್ದರಿಂದ ನಮ್ಮ ದಾಂಪತ್ಯವೂ ಸುಖವಾಗಿತ್ತು. ಆದರೆ ಅವಳ ಸಿದ್ಧಾಂತವನ್ನು ನಾನು ಊಟದ ಜೊತೆಗೆ ದಿನವೂ ನುಂಗಬೇಕಾಗಿತ್ತು. ಒಂದು ಕಟ್ಟಡ ಎದ್ದರೆ ಎರಡು ಮೂರು ತಲೆಮಾರು ನಿಲ್ಲುತ್ತದಂತೆ. ಅಷ್ಟೂ ಕಾಲ ಅದು ಎಷ್ಟು ಕರೆಂಟು ಕುಡಿಯುತ್ತದೆ, ಆ ಕರೆಂಟಿಗಾಗಿ ಎಲ್ಲಿ ಎಷ್ಟು ಹೊಗೆ ಏಳುತ್ತದೆ ಎಂಬುದು ಹಾಳೆಯ ಮೇಲೆ ಪೆನ್ಸಿಲು ಓಡುವಾಗಲೇ ತೀರ್ಮಾನವಾಗಿಬಿಡುತ್ತದಂತೆ. ಆದ್ದರಿಂದ ಭೂಮಿ ಕಾದರೆ ಮೊದಲ ಬೈಗುಳ ವಾಸ್ತುಶಿಲ್ಪಿಗೇ ಸಲ್ಲಬೇಕಂತೆ. ಕೇಳುವುದಕ್ಕೆ ಎಂಥ ವಿನಯದ ಮಾತು. ಆದರೆ ಅದರ ಬಾಲದಲ್ಲಿ ಚೇಳಿನ ಕೊಂಡಿ ಇತ್ತು.

"ನಾವು ದಾರಿ ತಪ್ಪಿದ ಕಡೆಯೆಲ್ಲ ನಿನ್ನ ಅಂಗಡಿ ಬಾಗಿಲು ತೆಗೆಯುತ್ತೆ ವಗ್ದಿ," ಎನ್ನುತ್ತಿದ್ದಳು. "ನೀನು ಮಾರೋದು ತಂಪಲ್ಲ. ನಮ್ಮ ಸೋಮಾರಿತನಕ್ಕೆ ದಂಡ ವಸೂಲಿ ಮಾಡ್ತಿದೀಯ, ಅಷ್ಟೆ."

ಮುಲೂಖಿಯಾ ಎಂದರೆ ಲೋಳೆಯಂತೆ ತಾನೇ ಜಾರುವ ಸೊಪ್ಪಿನ ಸಾರು. ಅದು ಕೂಡ ನನ್ನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು.

ಯುದ್ಧ ಶುರುವಾದದ್ದು ನನ್ನ ತಾಯಿಯ ಮಂಡಿಯಿಂದ. ನನ್ನ ತಾಯಿ ಹಾಜ್ಜಾ ತಫೀದಾ ನಮ್ಮ ಜೊತೆಗೇ ಇದ್ದಾಳೆ. ನಮ್ಮ ಫ್ಲ್ಯಾಟು ಕಟ್ಟಡದ ಕೊನೆಯ ಮಹಡಿಯಲ್ಲಿತ್ತು. ಲಿಫ್ಟು ಎಂಬುದು ಆ ಕಟ್ಟಡದಲ್ಲಿ ಬೆಕ್ಕುಗಳು ಮರಿ ಹಾಕುವ ಸ್ಥಳ. ಒಮ್ಮೆ ಮದುವೆಯೂಟಕ್ಕೆಂದು ಕೆಳಗಿಳಿದ ತಾಯಿಯನ್ನು ಮತ್ತೆ ಮೇಲಕ್ಕೆ ಸಾಗಿಸುವಷ್ಟರಲ್ಲಿ ಮದುವೆಯಾದ ಹುಡುಗಿ ಗಂಡನ ಮನೆ ಸೇರಿ ಚಹಾ ಕಾಸಿಯಾಗಿತ್ತು. ಇನ್ನು ನೆಲದ ಮೇಲೆ ಒಂದು ಮನೆ ಕಟ್ಟದೆ ವಿಧಿಯಿಲ್ಲವೆಂದು ತೀರ್ಮಾನವಾಯಿತು. ಕಾಲುವೆಯ ಪಕ್ಕದಲ್ಲಿ ನನ್ನ ತಂದೆ ಬಿಟ್ಟುಹೋದ ನಿವೇಶನ ಖಾಲಿ ಬಿದ್ದಿತ್ತು.

ನನ್ನ ಮನಸ್ಸಿನಲ್ಲಿ ಆ ಮನೆ ಆಗಲೇ ಕಟ್ಟಿ ನಿಂತಿತ್ತು. ಮುಂಭಾಗವೆಲ್ಲ ನೀಲಿ ಗಾಜು. ಪಶ್ಚಿಮಕ್ಕೆ ತಿರುಗಿ ಕಾಲುವೆಯನ್ನು ನೋಡುತ್ತ, ಸಂಜೆಯ ಬಿಸಿಲಿಗೆ ದುಬೈಯಂತೆ ಮಿಂಚುವ ಗಾಜು. ಒಳಗೆ ಕೋಣೆಗೊಂದು ಏಸಿ, ಮೊಗಸಾಲೆಗೆ ಎರಡು. ಊರಿನವರು ದಾರಿಯಲ್ಲಿ ನಿಂತು, ಅಗೋ ಸೈಬೀರಿಯಾದ ವಗ್ದಿಯ ಮನೆ ಎನ್ನಬೇಕು. ಇದನ್ನು ನಾನು ಬಣ್ಣಿಸಿ ಮುಗಿಸುವ ತನಕ ಇಬ್ತಿಹಾಲ್ ಸೌತೆಕಾಯಿ ಹೆಚ್ಚುತ್ತಿದ್ದಳು. ಆಮೇಲೆ ಚಾಕು ಕೆಳಗಿಟ್ಟಳು.

"ಪಶ್ಚಿಮಕ್ಕೆ ಗಾಜು ಇಟ್ರೆ ಒಳಗೆ ಬೇಯ್ತೀವಿ."

"ಬೇಯೋಕೆ ನಾನು ಬಿಡ್ತೀನಾ? ಏಸಿ ಯಾತಕ್ಕಿದೆ?"

"ಮೊದಲು ಒಲೆ ಕಟ್ಟೋದು, ಆಮೇಲೆ ಒಲೆಯೊಳಗೆ ಐಸು ತಂದಿಡೋದು. ಇದನ್ನ ಮನೆ ಅಂತಾರಾ ಯಾರಾದ್ರೂ?"

ಮಾತಿಗೆ ಮಾತು ಬೆಳೆಯಿತು. ನಿವೇಶನ ನನ್ನ ತಂದೆಯದೆಂದು ನಾನು ನೆನಪಿಸಿದೆ. ಮಾವನವರ ಮೇಲೆ ತನಗೆ ಅಪಾರ ಗೌರವವಿದೆ, ಆದ್ದರಿಂದಲೇ ಅವರ ಮಣ್ಣಿನ ಮೇಲೆ ಒಲೆ ಕಟ್ಟಲಾರೆ ಎಂದಳು. ಊರಿಗೆಲ್ಲ ನಕ್ಷೆ ಬರೆಯುವವಳು ತನ್ನ ಸ್ವಂತ ಮನೆಯನ್ನು ಬೇರೆಯವರ ಕೈಗೆ ಕೊಟ್ಟರೆ ನಾಳೆ ಯಾರು ನಂಬುತ್ತಾರೆಂದಳು. ಅದು ನ್ಯಾಯವಾದ ಮಾತಾದ್ದರಿಂದ ನನಗೆ ಇನ್ನೂ ಹೆಚ್ಚು ಸಿಟ್ಟು ಬಂತು.

ಮರುದಿನದಿಂದ ಅವಳು ಇಟ್ಟಿಗೆಯನ್ನಾಗಲಿ ಸಿಮೆಂಟನ್ನಾಗಲಿ ತರಿಸಲಿಲ್ಲ. ನಿವೇಶನದ ಮೂಲೆಮೂಲೆಗೂ ಉದ್ದನೆಯ ಕೋಲು ನೆಟ್ಟು, ತುದಿಗೆ ಕೆಂಪು ರಿಬ್ಬನ್ನು ಕಟ್ಟಿ, ಕೊಡೆ ಹಿಡಿದು ಕುಳಿತಳು. ಬೆಳಗ್ಗೆ ಗಾಳಿ ಎಲ್ಲಿಂದ, ಮಧ್ಯಾಹ್ನ ಎಲ್ಲಿಂದ, ಪಕ್ಕದ ಖರ್ಜೂರದ ಮರದ ನೆರಳು ಎಲ್ಲಿಯವರೆಗೆ, ನೆರೆಮನೆಯ ಗೋಡೆ ಯಾವಾಗ ಕಾಯುತ್ತದೆ, ಇದೇ ಧ್ಯಾನ. ನೋಡಿದವರು ಇಂಜಿನಿಯರಮ್ಮ ಗಂಡನನ್ನು ಹದ್ದುಬಸ್ತಿನಲ್ಲಿಡಲು ಮಾಟ ಮಾಡಿಸುತ್ತಿದ್ದಾಳೆಂದುಕೊಂಡರು. (ಅದರ ಅಗತ್ಯವಿಲ್ಲವೆಂದು ನಮ್ಮ ಆಪ್ತರಿಗೆ ಗೊತ್ತಿತ್ತು.)

ಕೊನೆಗೆ ನಕ್ಷೆ ಹೊರಬಂತು. ದಪ್ಪ ಗೋಡೆ, ಅದೂ ಅಚ್ಚಿನಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆಯದು. ಪಶ್ಚಿಮಕ್ಕೆ ಒಂದೇ ಒಂದು ಕಿಂಡಿ, ಅದು ಕೂಡ ಸ್ನಾನದ ಮನೆಯದು. ನಡುವೆ ಅಂಗಳ. ಮೇಲೆ ಉತ್ತರದ ಗಾಳಿಗೆ ಬಾಯಿ ತೆರೆದು ನಿಂತ ಒಂದು ಗೋಪುರ. ಅದು ಗಾಳಿಯನ್ನು ಹಿಡಿದು ಕೆಳಗಿಳಿಸುತ್ತದಂತೆ. ದಾರಿಯಲ್ಲಿ ನೀರು ತುಂಬಿದ ಮಣ್ಣಿನ ಹೂಜಿಗಳನ್ನು ಸೋಕಿ ತಂಪಾದ ಗಾಳಿ ಮೊಗಸಾಲೆಗೆ ಬರುತ್ತದಂತೆ, ಬಿಸಿಗಾಳಿ ಅಂಗಳದಿಂದ ಮೇಲೆ ಹೋಗುತ್ತದಂತೆ. ಏಸಿ ಎಲ್ಲಿ ಎಂದು ಕೇಳಿದೆ. ಇಡೀ ಮನೆಯೇ ಅದು ಎಂದಳು. ಗಾಳಿಗೋಪುರ ಕಟ್ಟುವವರನ್ನು ನಾನು ಜೀವನದಲ್ಲಿ ಬೇಕಾದಷ್ಟು ಕಂಡಿದ್ದೇನೆ. ಅದಕ್ಕೆ ಪಾಯ ತೋಡಿ, ನಗರಸಭೆಯ ಅನುಮತಿ ತಂದು ಕಟ್ಟಿದವಳು ಇವಳೊಬ್ಬಳೇ.

ಸುದ್ದಿ ಬೀದಿಗೆ ಬಿತ್ತು. ಎದುರು ಸಾಲಿನಲ್ಲಿ ಏಸಿ ಮಾರುವ ಖಲಫ್ ಸಂತಾಪ ಸೂಚಿಸಲು ಬಂದ. ಅವನು ನನ್ನ ಅಂಗಡಿಗೆ ಬಂದದ್ದು ಅದೇ ಮೊದಲು. ಕರ್ಕದೆ ಶರಬತ್ತು ಕುಡಿದು, ಗ್ಲಾಸು ಕೆಳಗಿಟ್ಟು, ಮೀಸೆ ಒರೆಸಿಕೊಂಡು, ಮಣ್ಣಿನ ಮನೆಯಲ್ಲಿ ಇರುವುದಕ್ಕೇನೂ ನಾಚಿಕೆಪಡಬೇಕಾಗಿಲ್ಲ, ಕಷ್ಟ ಎಲ್ಲರಿಗೂ ಬರುತ್ತದೆ ಎಂದ. ಹೋಗುವಾಗ, ನಿಮ್ಮ ಮನೆಗೇ ಬೇಡವಾದ ಯಂತ್ರವನ್ನು ನಾವು ಹೇಗೆ ಕೊಳ್ಳುವುದೆಂದು ಗಿರಾಕಿಗಳು ಕೇಳಿದರೆ ನನ್ನ ಕಡೆ ಕಳಿಸು, ಸ್ನೇಹಿತನಿದ್ದೇನೆ ಎಂದ. ಗಂಡನ ವ್ಯಾಪಾರಕ್ಕೆ ಮಣ್ಣು ಹಾಕುವುದೆಂದರೆ ಏನೆಂದು ಅಂದು ನನಗೆ ಅರ್ಥವಾಯಿತು.

ನನ್ನ ಬತ್ತಳಿಕೆಯಲ್ಲಿ ಒಂದು ಬ್ರಹ್ಮಾಸ್ತ್ರವಿತ್ತು. ತಾಯಿ. ಅವಳು ಹುಟ್ಟಿದ್ದು ಮಣ್ಣಿನ ಮನೆಯಲ್ಲಿ, ಮದುವೆಯಾಗಿ ಬಂದದ್ದು ಇನ್ನೊಂದು ಮಣ್ಣಿನ ಮನೆಗೆ. ತಂದೆ ಅವಳನ್ನು ಸಿಮೆಂಟಿನ ಫ್ಲ್ಯಾಟಿಗೆ ಕರೆತಂದ ದಿನ ಅವಳು ಮೆಟ್ಟಿಲಿಗೆ ಮುತ್ತಿಟ್ಟಿದ್ದಳಂತೆ. ಸೊಸೆ ನಿನ್ನನ್ನು ಮತ್ತೆ ಮಣ್ಣಿನ ಗೂಡಿಗೆ ಸೇರಿಸುತ್ತಿದ್ದಾಳೆ ಎಂದು ನಾನು ಅವಳ ಕಿವಿಯಲ್ಲಿ ಊದಿದೆ. ತಾಯಿ ತಲೆಯ ವಸ್ತ್ರ ಸರಿಮಾಡಿಕೊಂಡು ಸೊಸೆಯ ಮುಂದೆ ಕುಳಿತಳು. ನಾನು ಬಾಗಿಲ ಹಿಂದೆ ನಿಂತು ಕೈ ಉಜ್ಜಿಕೊಂಡೆ.

"ನೋಡು ಇಬ್ತಿಹಾಲ್, ಬಡತನ ಅಂದ್ರೇನು ಅಂತ ನಿಂಗೊತ್ತಿಲ್ಲ," ಎಂದಳು ತಾಯಿ. "ಮಣ್ಣಿಂದ ಹೊರಗೆ ಬರೋಕೆ ನನ್ನ ಅರ್ಧ ಆಯಸ್ಸು ಹೋಯ್ತು. ಉಳಿದ ಅರ್ಧದಲ್ಲಿ ನೀನು ಮತ್ತೆ ಅದರೊಳಗೆ ತಳ್ತೀಯಾ?"

ಇಬ್ತಿಹಾಲ್ ವಾದ ಮಾಡಿಯಾಳು, ಆಗ ತಾಯಿ ಸಿಡಿದೇಳುತ್ತಾಳೆ ಎಂದು ಕಾದೆ. ಅವಳು ವಾದ ಮಾಡಲಿಲ್ಲ. ಪಕ್ಕಕ್ಕೆ ಬಂದು ಕೂತು, ಅಲ್ಲಿ ನಿಮಗೆ ಯಾವುದು ಕಷ್ಟವಾಗಿತ್ತು ಅತ್ತೆ, ಹೇಳಿ ಎಂದಳು. ಎಷ್ಟೋ ವರ್ಷಗಳಿಂದ ಯಾರೂ ಕೇಳದ ಪ್ರಶ್ನೆ. ತಾಯಿ ಹೇಳತೊಡಗಿದಳು. ಹೊಗೆ, ಕತ್ತಲೆ, ಚೇಳು, ತಲೆಯ ಮೇಲೆ ಉದುರುವ ಹುಡಿ, ಸ್ನಾನಕ್ಕೆ ಮರೆಯೇ ಇಲ್ಲದ ಅವಮಾನ. ಆ ಕೊನೆಯದನ್ನು ಹೇಳುವಾಗ ಧ್ವನಿ ಸಣ್ಣದಾಯಿತು. ಇಬ್ತಿಹಾಲ್ ಪೆನ್ಸಿಲು ತೆಗೆದುಕೊಂಡು ಅವಳ ಕಣ್ಣೆದುರೇ ನಕ್ಷೆಯನ್ನು ತಿದ್ದಿದಳು. ಅಡುಗೆಮನೆಯ ಹೊಗೆಗೆ ಮೇಲೆ ದಾರಿ, ಬೆಳಕಿಗೆ ಎತ್ತರದಲ್ಲಿ ಕಿಂಡಿಗಳು, ಚೇಳು ಅಡಗಲು ಸಂದಿಯಿಲ್ಲದಂತೆ ಸುಣ್ಣದ ಗಾರೆ, ನೆಲಕ್ಕೆ ಕಲ್ಲು. ಕೊನೆಗೆ ತಾಯಿಯ ಕೋಣೆಗೇ ಅಂಟಿಕೊಂಡಂತೆ, ಒಳಗಿನಿಂದ ಅಗುಳಿ ಹಾಕಿಕೊಳ್ಳುವ ಒಂದು ಸ್ನಾನದ ಮನೆ.

ತಾಯಿ, ಅದಕ್ಕೆ ಗುಲಾಬಿ ಬಣ್ಣದ ಟೈಲ್ಸು ಹಾಕಿಸುತ್ತೀಯಾ ಎಂದು ಕೇಳಿದಳು. ಇಬ್ತಿಹಾಲ್ ಜನ್ಮದಲ್ಲಿ ಗುಲಾಬಿ ಟೈಲ್ಸನ್ನು ಸಹಿಸಿದವಳಲ್ಲ. ಹಾಕಿಸುತ್ತೇನೆ ಎಂದಳು. ಬಾಗಿಲ ಹಿಂದೆ ನನ್ನ ಬ್ರಹ್ಮಾಸ್ತ್ರ ಠುಸ್ಸೆಂದಿತು. ಹೆತ್ತ ತಾಯಿ, ಹತ್ತಡಿ ಗುಲಾಬಿ ಟೈಲ್ಸಿಗೆ ಶತ್ರುಪಾಳಯ ಸೇರಿದಳು.

ಮನೆ ಎದ್ದಿತು. ನೋಡಲು ಕೆಟ್ಟದಾಗಿರಲಿಲ್ಲ ಎಂಬುದೇ ನನ್ನ ಕೋಪವನ್ನು ಇನ್ನಷ್ಟು ಹೆಚ್ಚಿಸಿತು. ಗೃಹಪ್ರವೇಶಕ್ಕೆ ಕುರಿ ಕಡಿದು ಊರಿಗೆ ಉಣಬಡಿಸಿದೆವು. ಊಟವಾದ ಮೇಲೆ ನಾನು ಎದ್ದು ನಿಂತು ನನ್ನ ನಿರ್ಧಾರವನ್ನು ಪ್ರಕಟಿಸಿದೆ. ಏಸಿ ವ್ಯಾಪಾರಿಯೊಬ್ಬ ಏಸಿ ಇಲ್ಲದ ಮನೆಯಲ್ಲಿ ವಾಸಿಸುವುದು ವೃತ್ತಿಧರ್ಮಕ್ಕೆ ದ್ರೋಹ. ನಾನು ಹಳೆಯ ಫ್ಲ್ಯಾಟಿನಲ್ಲೇ ಇರುತ್ತೇನೆ, ತತ್ವಕ್ಕಾಗಿ. ಹೆಂಡತಿ ಕಾಲು ಹಿಡಿಯದಿದ್ದರೂ ಕಣ್ಣಾದರೂ ಒರೆಸಿಕೊಂಡಾಳೆಂದು ಎಣಿಸಿದ್ದೆ. ಅವಳು ನನ್ನ ಬಟ್ಟೆಯ ಪೆಟ್ಟಿಗೆಯನ್ನು ಕಾರಿನಿಂದ ಇಳಿಸದೆ ಹಾಗೇ ವಾಪಸು ಕಳಿಸಿದಳು. ತಾಯಿ ಮಾತ್ರ, ಹಸಿವಾದಾಗ ಬಾ ಮಗನೇ, ತತ್ವಕ್ಕೆ ಹೊಟ್ಟೆ ಇರಲ್ಲ, ನಿನಗಿದೆ ಎಂದಳು.

ಚಳಿಗಾಲವೆಲ್ಲ ತತ್ವ ಚೆನ್ನಾಗಿಯೇ ನಡೆಯಿತು. ಮೇ ತಿಂಗಳು ಬಂತು. ಆ ವರ್ಷದ ಬಿಸಿಲು ಎಂಥದೆಂದರೆ ಕಾಗೆಗಳು ಕೂಡ ನೆರಳಿನಲ್ಲಿ ಬಾಯಿ ತೆರೆದು ಕೂತಿದ್ದವು. ಊರಿನ ಏಸಿಗಳೆಲ್ಲ ಒಟ್ಟಿಗೆ ಹುಯ್ಯಲಿಟ್ಟವು. ಅಷ್ಟು ಕರೆಂಟು ಎಲ್ಲಿಂದ ಬರಬೇಕು? ಸರದಿಯಂತೆ ಕತ್ತರಿಸತೊಡಗಿದರು, ಅದೂ ಮಟಮಟ ಮಧ್ಯಾಹ್ನ. ಕರೆಂಟಿಲ್ಲದ ಏಸಿ ಎಂದರೆ ಗೋಡೆಗೆ ನೇತುಹಾಕಿದ ಪೆಟ್ಟಿಗೆ. ಅಂಥವು ನನ್ನ ಫ್ಲ್ಯಾಟಿನಲ್ಲಿ ಕೋಣೆಗೊಂದು ಇದ್ದವು. ನನ್ನ ತಲೆಯ ಮೇಲಿದ್ದದ್ದು ಇಡೀ ದಿನ ಕಾದ ಕಾಂಕ್ರೀಟಿನ ಹೆಂಚು. ಇನ್ನು ಕರೆಂಟು ಬಂದರೋ, ಕೆಳಗಿನ ಮನೆಗಳ ಏಸಿಗಳೆಲ್ಲ ತಮ್ಮ ಬಿಸಿಯುಸಿರನ್ನು ನನ್ನ ಬಾಲ್ಕನಿಗೇ ಬಿಡುತ್ತಿದ್ದವು. ಅವೆಲ್ಲವನ್ನೂ ಮಾರಿದವನು ನಾನೇ. ಗಿರಾಕಿಗಳು ದೇವರಿಗೆ ಸಮಾನರೆನ್ನುತ್ತಾರೆ. ನನ್ನನ್ನು ಅವರು ಕಬಾಬಿಗೆ ಸಮಾನ ಮಾಡಿದರು.

ಒಂದು ಮಧ್ಯಾಹ್ನ ಹೊಸ ಮನೆಯ ನೀರಿನ ಟ್ಯಾಂಕು ಸರಿಯಿದೆಯೋ ಇಲ್ಲವೋ ಎಂದು ನನಗೆ ಇದ್ದಕ್ಕಿದ್ದಂತೆ ಚಿಂತೆ ಹತ್ತಿತು. ಎಷ್ಟಾದರೂ ಮನೆಯ ಯಜಮಾನ. ಇಬ್ತಿಹಾಲ್ ಕಚೇರಿಯಲ್ಲಿರುವ ಹೊತ್ತು, ತಾಯಿ ತನ್ನ ಕೋಣೆಯಲ್ಲಿ ಒರಗಿರುವ ಹೊತ್ತು. ಬೀಗದ ಕೈ ನನ್ನ ಬಳಿ ಇತ್ತು. ಒಳಗೆ ಕಾಲಿಟ್ಟೆ. ಬಾವಿಯೊಳಗೆ ಇಳಿದಂಥ ತಂಪು. ಸದ್ದಿಲ್ಲ, ಗುರ್ರೆನ್ನುವ ಯಂತ್ರವಿಲ್ಲ, ಮೇಲಿನಿಂದ ಯಾರೋ ಮೆಲ್ಲಗೆ ಬೀಸಣಿಗೆ ಬೀಸುತ್ತಿರುವಂತೆ ಒಂದು ಗಾಳಿ. ಗೋಪುರದ ಕೆಳಗೆ ಗೋಡೆಗೆ ಸೇರಿಸಿ ಕಟ್ಟಿದ ಜಗಲಿಯಿತ್ತು. ಅದರ ಮಟ್ಟ ಸರಿಯಾಗಿ ಕೂತಿದೆಯೇ ಎಂದು ಪರೀಕ್ಷಿಸಬೇಕೆನಿಸಿತು. ಮಟ್ಟ ನೋಡುವುದಕ್ಕೆ ಮಲಗುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಮಲಗಿ ನೋಡಿದೆ. ಎದ್ದಾಗ ಮಧ್ಯಾಹ್ನದ ಪ್ರಾರ್ಥನೆಯ ಹೊತ್ತು ಮೀರಿತ್ತು.

ನೀರಿನ ಟ್ಯಾಂಕು ಜವಾಬ್ದಾರಿಯ ವಿಷಯ. ಆದ್ದರಿಂದ ಅಂದಿನಿಂದ ದಿನವೂ ಹೋಗಿ ನೋಡಿಬರತೊಡಗಿದೆ.

ಆ ಗುರುವಾರವೂ ಹಾಗೆಯೇ ಹೋದೆ. ಅಂಗಿ ಬಿಚ್ಚಿಟ್ಟು, ಬನಿಯನ್ನು ಮತ್ತು ಪಟ್ಟೆಪಟ್ಟೆ ಪೈಜಾಮಾದಲ್ಲಿ ಜಗಲಿಯ ಮಟ್ಟವನ್ನು ಪರೀಕ್ಷಿಸುತ್ತಿದ್ದೆ. ಅಂದು ಕೈರೋದಿಂದ ವಾಸ್ತುಶಿಲ್ಪಿಗಳ ತಂಡವೊಂದು ನನ್ನ ಹೆಂಡತಿಯ ಮನೆ ನೋಡಲು ಬರುವುದಿತ್ತು, ಜೊತೆಗೆ ಪತ್ರಿಕೆಯ ಒಬ್ಬ ಹೆಂಗಸು ಕ್ಯಾಮೆರಾ ಹಿಡಿದು ಬರುವುದಿತ್ತು. ಆ ಮನೆಯಲ್ಲಿ ನಾನು ವಾಸವಿಲ್ಲವೆಂದು ಊರ ಮುಂದೆ ಘೋಷಿಸಿದವನಿಗೆ ಅದನ್ನು ಯಾರು ತಿಳಿಸಬೇಕು?

ಮುಂದೆ ನಡೆದದ್ದನ್ನು ನನಗೆ ಹೇಳಿದವಳು ತಾಯಿ, ಅದೂ ನಕ್ಕುನಕ್ಕು ಉಸಿರು ಕಟ್ಟುತ್ತ. ಇಬ್ತಿಹಾಲ್ ಅತಿಥಿಗಳನ್ನು ಅಂಗಳದಲ್ಲಿ ನಿಲ್ಲಿಸಿ, ಕಟ್ಟುವವನು ಮೊದಲು ಸೂರ್ಯನನ್ನೂ ಗಾಳಿಯನ್ನೂ ಒಂದು ಮಾತು ಕೇಳಿದರೆ ಮನೆ ಇಡೀ ಆಯಸ್ಸು ಭೂಮಿಗೆ ಭಾರವಾಗುವುದಿಲ್ಲವೆಂದು ವಿವರಿಸುತ್ತಿದ್ದಳಂತೆ. ಅಷ್ಟರಲ್ಲಿ ಒಬ್ಬ ಹಿರಿಯ ಪ್ರೊಫೆಸರರು, ಈ ಮನೆಯಲ್ಲಿ ಯಂತ್ರವೇ ಇಲ್ಲ ಎಂದಿರಲ್ಲಮ್ಮ, ಒಳಗೆ ದೊಡ್ಡದೊಂದು ಜನರೇಟರು ಓಡುತ್ತಿರುವ ಸದ್ದು ಬರುತ್ತಿದೆ ಎಂದರಂತೆ. ಎಲ್ಲರೂ ಮೊಗಸಾಲೆಗೆ ಬಂದರು. ಜನರೇಟರು ನಾನು.

ಇಬ್ತಿಹಾಲ್ ಒಂದು ಗಳಿಗೆ ನಿಂತು ನೋಡಿದಳಂತೆ. ನಗಲಿಲ್ಲವಂತೆ. ತುಟಿಯ ಮೇಲೆ ಬೆರಳಿಟ್ಟು ಅತಿಥಿಗಳಿಗೆ, "ಮೆಲ್ಲಗೆ. ಪಾಪ, ಸೆಕೆಯಲ್ಲಿ ಎಷ್ಟು ದಿನದಿಂದ ನಿದ್ದೆ ಕಂಡಿಲ್ವೋ," ಎಂದಳಂತೆ. ಇದನ್ನು ಹೇಳುವಾಗ ತಾಯಿಯೂ ನಗು ನಿಲ್ಲಿಸಿದ್ದಳು. (ಈ ಒಂದು ಮಾತಿಗಾಗಿ ನಾನು ಹೆಂಡತಿಯನ್ನು ಅರ್ಧ ಕ್ಷಮಿಸಿದ್ದೇನೆ. ಉಳಿದರ್ಧ ಇನ್ನೂ ಪರಿಶೀಲನೆಯಲ್ಲಿದೆ.) ಪ್ರೊಫೆಸರರು ನನ್ನ ಹೊಟ್ಟೆಯ ಮೇಲೆ ಉಷ್ಣಮಾಪಕ ಹಿಡಿದು ನೋಡಿ ತಲೆದೂಗಿದರಂತೆ. ಪತ್ರಿಕೆಯ ಹೆಂಗಸು ಚಿತ್ರ ತೆಗೆದಳು. ಕ್ಯಾಮೆರಾದ ಬೆಳಕಿಗೆ ನಾನು ಕಣ್ಣು ತೆರೆದೆ.

ಮೊದಲು ಕಂಡದ್ದು ಸಾಲಾಗಿ ಪಾಲಿಶ್ ಮಾಡಿದ ಬೂಟುಗಳು. ಎದ್ದು ಕೂತು, ನೀರಿನ ಟ್ಯಾಂಕು ನೋಡಲು ಬಂದಿದ್ದೆ ಎಂದೆ. ಟ್ಯಾಂಕು ಛಾವಣಿಯ ಮೇಲಿದೆಯೆಂದು ಯಾರೂ ಹೇಳಲಿಲ್ಲ, ದೊಡ್ಡ ಮನುಷ್ಯರು. ಪ್ರೊಫೆಸರರು ಮಾತ್ರ ಬಹಳ ಆದರದಿಂದ, ತಮ್ಮ ಉದ್ಯೋಗವೇನು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ತಾಯಿ ತನ್ನ ಕೋಣೆಯ ಬಾಗಿಲಲ್ಲಿ ನಿಂತು, ನನ್ನ ಮಗ ಊರಿನಲ್ಲೇ ದೊಡ್ಡ ಏಸಿ ವ್ಯಾಪಾರಿ ಎಂದು ಹೆಮ್ಮೆಯಿಂದ ಹೇಳಿಬಿಟ್ಟಳು.

ಚಿತ್ರ ಪತ್ರಿಕೆಯಲ್ಲಿ ಬರುವ ಮೊದಲೇ ಕೆನಾದ ಮೊಬೈಲುಗಳಿಗೆಲ್ಲ ಬಂತು. ಬಾಯಿ ತೆರೆದು ಮಲಗಿದ ನಾನು, ಕೆಳಗೆ ಬರಹ: ಏಸಿ ವ್ಯಾಪಾರಿ ತಂಪಿಗಾಗಿ ಮಲಗುವ ಸ್ಥಳ. ಕ್ಷೌರದಂಗಡಿಯಲ್ಲಿ ಅದನ್ನು ಕನ್ನಡಿಗೆ ಅಂಟಿಸಿದರು. ಗಿರಾಕಿಗಳು ಅಂಗಡಿಗೆ ಬರುವುದು ನಿಲ್ಲಲಿಲ್ಲ. ಬಂದವರು ಯಂತ್ರದ ಬೆಲೆ ಕೇಳುವ ಬದಲು, ಮಲಗಿದ್ದಾಗ ಪಾದಕ್ಕೂ ಗಾಳಿ ತಾಕುತ್ತಿತ್ತೇ ಎಂದು ಕೇಳುತ್ತಿದ್ದರು. ನಾನು ಪೆಟ್ಟಿಗೆ ಹೊತ್ತು ಹೊಸ ಮನೆಗೆ ವಾಸಕ್ಕೆ ಹೋದೆ. ಸೋತು ಹೋದದ್ದಲ್ಲ. ಮಾನ ಹೋದ ಮೇಲೆ ನಿದ್ದೆಯನ್ನಾದರೂ ಉಳಿಸಿಕೊಳ್ಳೋಣವೆಂದು. ನನ್ನ ದಿಂಬು ಆಗಲೇ ಹಾಸಿಗೆಯ ಮೇಲಿತ್ತು.

ಇದಾದ ಕೆಲವೇ ದಿನಕ್ಕೆ ಖಲಫ್ ಮತ್ತೆ ನನ್ನ ಅಂಗಡಿಯ ಮೆಟ್ಟಿಲು ಹತ್ತಿದ. ಈ ಸಲ ಏನು ಚುಚ್ಚುತ್ತಾನೋ ಎಂದು ನಾನು ಹಲ್ಲು ಕಚ್ಚಿ ಕೂತೆ. ಅವನು ಅತ್ತಿತ್ತ ನೋಡಿ, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ತಾನೂ ಒಂದು ಮನೆ ಕಟ್ಟಬೇಕೆಂದಿದ್ದೇನೆ, ಇಂಜಿನಿಯರಮ್ಮನಿಗೆ ಒಂದು ಮಾತು ಹೇಳು ಎಂದ. ಎದುರು ಅಂಗಡಿಯ ಏಸಿ ವ್ಯಾಪಾರಿ. ನನ್ನ ರಕ್ತ ಕುದಿಯಿತು. ಸಾಲದ್ದಕ್ಕೆ ಅವನು ತನ್ನ ಸ್ವಂತ ಬುದ್ಧಿಯನ್ನೂ ಓಡಿಸತೊಡಗಿದ. ನಡುವೆ ಅಂಗಳ ದಂಡ, ಅದಕ್ಕೆ ತಗಡು ಹೊದಿಸಿ ಕಾರು ನಿಲ್ಲಿಸುತ್ತೇನೆ ಎಂದ. ಇದನ್ನು ಕೇಳಿ ನನಗೆ ತಡೆಯಲಾಗಲಿಲ್ಲ.

"ಅಂಗಳಕ್ಕೆ ತಗಡು ಹೊದಿಸ್ತೀಯಾ? ಬಿಸಿಗಾಳಿ ಎಲ್ಲಿ ಹೋಗ್ಬೇಕು, ನಿನ್ನ ತಲೆಯೊಳಗಾ?" ಎಂದೆ. ಕೈಗೆ ಸಿಕ್ಕ ಪೆನ್ನು ತೆಗೆದುಕೊಂಡು ಏಸಿಯ ರಟ್ಟಿನ ಡಬ್ಬದ ಮೇಲೆಯೇ ಚೌಕ ಎಳೆದೆ. "ಇಲ್ಲಿ ನೋಡು. ಉತ್ತರ ಇದು. ಗಾಳಿ ಹೀಗೆ ಬಂದು ಹೀಗೆ ಇಳಿಯುತ್ತೆ. ಗೋಡೆ ದಪ್ಪ ಇರ್ಲಿ. ನಿನ್ನ ಕಾರನ್ನ ಬೀದಿಗೆ ಹಾಕು, ಮೊದಲು ಮನುಷ್ಯರಿಗೆ ಉಸಿರಾಡೋಕೆ ಜಾಗ ಬಿಡು."

ಖಲಫ್ ಬಾಯಿ ಬಿಟ್ಟುಕೊಂಡು ನನ್ನನ್ನಲ್ಲ, ನನ್ನ ಹಿಂದೆ ನೋಡುತ್ತಿದ್ದ. ತಿರುಗಿದೆ. ಇಬ್ತಿಹಾಲ್ ನನ್ನ ಮಧ್ಯಾಹ್ನದ ಊಟದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. ಒಳಗೆ ಬಂದು, ಡಬ್ಬಿಯನ್ನು ಮೇಜಿನ ಮೇಲಿಟ್ಟು, ಗಿರಾಕಿಗಳ ಕುರ್ಚಿಯಲ್ಲಿ ಕುಳಿತಳು. ಖಲಫ್ ಗಡಬಡಿಸಿ ಏಳಲು ಹೋದ.

"ಕೂತ್ಕೊಳ್ಳಿ ಖಲಫಣ್ಣ, ಅವನು ಹೇಳಿ ಮುಗಿಸ್ಲಿ," ಎಂದಳು ಅವಳು ತಣ್ಣಗೆ. "ವಗ್ದಿ ನಮ್ಮ ಆಫೀಸಿನವನೇ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನನ್ನ ಅಂಗಡಿಯಲ್ಲಿ, ನನ್ನ ಸರಕಿನ ಡಬ್ಬದ ಮೇಲೆ, ನನ್ನ ಪ್ರತಿಸ್ಪರ್ಧಿಯ ಎದುರಿಗೆ ನನ್ನನ್ನೇ ಗುಮಾಸ್ತನನ್ನಾಗಿ ನೇಮಿಸಿಕೊಳ್ಳುವುದೆಂದರೇನು? ಎದ್ದು ನಿಂತು ನಾಲ್ಕು ಮಾತು ಕೇಳಿಯೇಬಿಡಬೇಕೆಂದಿದ್ದೆ. ಆದರೆ ಖಲಫನ ಮಲಗುವ ಕೋಣೆಗೆ ಇನ್ನೂ ಕಿಟಕಿ ಇಟ್ಟಿರಲಿಲ್ಲ. ಪೆನ್ನಿನ ಮುಚ್ಚಳ ತೆಗೆದು, ಅದನ್ನು ಎಲ್ಲಿ ಇಡಲಿ ಎಂದು ಹೆಂಡತಿಯ ಮುಖ ನೋಡಿದೆ.